ಲಾವಂಚ: ಮಳೆಗೂ ಬೇಸಿಗೆಗೂ ಜಗ್ಗದ ಹುಲ್ಲನ್ನು ಮನೆ ಸುತ್ತ ಬೆಳೆಸುವುದು ಹೇಗೆ?

ಜೂನ್ ಬಂತೆಂದರೆ ನಮ್ಮ ಉತ್ತರ ಕನ್ನಡದ ಕಡೆ ಎಲ್ಲರ ಕಣ್ಣು ಮನೆ ಹಿಂದಿನ ಧರೆಯ (ಗುಡ್ಡ ಕಡಿದಲ್ಲಿ ಉಳಿಯುವ ಮಣ್ಣಿನ ಗೋಡೆಯ) ಮೇಲೆ. ಮಾರ್ಚ್ ಬಂತೆಂದರೆ ಬಾವಿಯ ಮೇಲೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜರಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು. ಅದಾದ ಮೇಲೆ ಧರೆ ಕಡಿಸಿ ಮನೆ ಕಟ್ಟಿದವರಿಗೆಲ್ಲ ಒಂದೇ ಯೋಚನೆ, ಮಣ್ಣು ಹಿಡಿದಿಡುವುದು ಹೇಗೆ ಅಂತ. ಹಾಗೆ ಕೇಳಿದವರಿಗೆಲ್ಲ ಯಾರಾದರೊಬ್ಬರು ಲಾವಂಚ ಹಚ್ಚಿ ಎಂದು ಹೇಳಿಯೇ ಹೇಳುತ್ತಾರೆ.

ಸಲಹೆ ಸರಿಯೇ. ಆದರೆ ಯಾವ ಲಾವಂಚ, ಎಲ್ಲಿ, ಎಷ್ಟು ಹತ್ತಿರ, ಯಾವಾಗ ಎನ್ನುವುದು ಗೊತ್ತಿಲ್ಲದೆ ನೆಟ್ಟರೆ ಅದು ಸುಮ್ನೆ ಒಂದು ಹುಲ್ಲಿನ ಪೊದೆ. ಇನ್ನೊಂದು ಅಪಾಯವೂ ಇದೆ. ಹುಲ್ಲು ನೆಟ್ಟಿದ್ದೇವೆ, ಇನ್ನು ಧರೆ ಬೀಳುವುದಿಲ್ಲ ಎಂದು ನಂಬಿ ನಿಶ್ಚಿಂತೆಯಾಗಿ ಮಲಗುವವರಿದ್ದಾರೆ. ಆದ್ದರಿಂದ ಮೊದಲಿನಿಂದ ನೋಡೋಣ.

ಇಷ್ಟು ಮಳೆಯ ಊರಿನಲ್ಲಿ ಬರ ಎಲ್ಲಿಂದ ಬಂತು?

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಕಡಿಮೆಯೇನಲ್ಲ. ಮುಂಡಗೋಡು, ಹಳಿಯಾಳದ ಕಡೆ ಹೋದರೆ ಮಾತ್ರ ಕರಾವಳಿಯ ಅರ್ಧದಷ್ಟೂ ಇಲ್ಲ. ಆದರೆ ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿದುಹೋಗುತ್ತದೆ. ಡಿಸೆಂಬರ್‌ನಿಂದ ಮೇ ತನಕ ಗಿಡಕ್ಕೆ ಸಿಗುವುದು ನೆಲ ಉಳಿಸಿಕೊಂಡಿರುವ ನೀರು ಮಾತ್ರ.

ನಮ್ಮ ನೆಲ ಎಷ್ಟು ಉಳಿಸಿಕೊಳ್ಳುತ್ತದೆ? ಮೇಲ್ಪದರ ಹೆಚ್ಚಿನ ಕಡೆ ಚಿರೇಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೆಂಪು ಮಣ್ಣು. ಅದರ ತುಂಬ ಸಣ್ಣ ಸಣ್ಣ ತೂತುಗಳು. ನೀರು ಹೊಯ್ದಷ್ಟೂ ಕುಡಿಯುತ್ತದೆ, ಅಷ್ಟೇ ಬೇಗ ಕೆಳಗೆ ಬಿಟ್ಟುಬಿಡುತ್ತದೆ. ಒಣಗಿದ ಮೇಲೆ ಹಾರೆಗೂ ಬಗ್ಗದಷ್ಟು ಗಟ್ಟಿ. ಕಾರವಾರದ ಕಡಲ ಬದಿಯ ಮರಳಿನಲ್ಲಂತೂ ನೀರು ನಿಲ್ಲುವ ಮಾತೇ ಇಲ್ಲ. ಹಾಗಾಗಿ ಜನವರಿ ಕಳೆಯುವಷ್ಟರಲ್ಲಿ ಮೇಲಿನ ಒಂದಡಿ ಮಣ್ಣು ಪುಡಿಪುಡಿ. ಬೇರು ಅಷ್ಟರಲ್ಲೇ ಇರುವ ಗಿಡಕ್ಕೆ ನೀವು ನೀರು ಹಾಕಬೇಕು, ಇಲ್ಲವೇ ಅದು ಸಾಯಬೇಕು.

ಹೊಸ ಮನೆಗಳ ಮುಂದೆ ಹಾಸುವ ಕಾರ್ಪೆಟ್ ಹುಲ್ಲಿನ ಕಷ್ಟ ಇದೇ. ನರ್ಸರಿಯಿಂದ ಚೌಕ ಚೌಕವಾಗಿ ತಂದು, ತೆಳ್ಳಗೆ ಮಣ್ಣು ಹರಡಿ, ಅದರ ಮೇಲೆ ಹಾಸುತ್ತಾರೆ. ದಿನಾ ಸ್ವಲ್ಪ ಸ್ವಲ್ಪ ನೀರು ಸಿಗುವುದರಿಂದ ಬೇರಿಗೆ ಕೆಳಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಲೆಕ್ಕ ಹಾಕಿ ನೋಡಿ. ಬಿಸಿಲಿನ ದಿನಗಳಲ್ಲಿ ಹಸಿರಾಗಿರುವ ಹುಲ್ಲು ದಿನಕ್ಕೆ 5 ಮಿ.ಮೀ. ಆಸುಪಾಸು ನೀರು ಬಳಸುತ್ತದೆ ಎಂದಿಟ್ಟುಕೊಳ್ಳೋಣ. ಅಂದರೆ ಒಂದು ಚದರ ಮೀಟರಿಗೆ 5 ಲೀಟರ್. ಒಂದು ಗುಂಟೆ ಎಂದರೆ 101 ಚದರ ಮೀಟರ್. ದಿನಕ್ಕೆ 500 ಲೀಟರ್ ಆಯಿತು! ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವ ಮನೆಗೆ ಇದು ಸಣ್ಣ ಮಾತಲ್ಲ.

ಒಣಗಿದರೂ ಸಾಯದಿರುವ ಗುಟ್ಟು

ಬರ ತಡೆಯುವ ಹುಲ್ಲು ಅಂದರೆ ಬೇಸಿಗೆಯಿಡೀ ಹಸಿರಾಗಿರುವ ಹುಲ್ಲು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮೇಲಿನ ಎಲೆ ಒಣಗಿ ಕಂದಾದರೂ ಬುಡ ಜೀವ ಹಿಡಿದಿದ್ದು, ಮೊದಲ ಮಳೆಗೆ ಮತ್ತೆ ಚಿಗುರಿದರೆ ಅದು ಬರ ತಡೆದ ಹಾಗೆ. ಹುಲ್ಲಿನ ಕುಡಿ ಮರದ ಹಾಗೆ ತುದಿಯಲ್ಲಿ ಇರುವುದಿಲ್ಲ. ಅದು ನೆಲದ ಮಟ್ಟದಲ್ಲಿ, ಬುಡದೊಳಗೆ ಇರುತ್ತದೆ. ಆದ್ದರಿಂದಲೇ ದನ ಮೇಯ್ದರೂ ಕತ್ತಿಯಲ್ಲಿ ಸವರಿದರೂ ಹುಲ್ಲು ಮತ್ತೆ ಬರುತ್ತದೆ. ಬುಡ ಮುಚ್ಚಿಕೊಂಡಿದ್ದರೆ ಸಾಕು.

ಎಲೆಯಲ್ಲೂ ಒಂದು ಉಪಾಯ ಇದೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ರಂಧ್ರಗಳಿವೆ. ಗಿಡ ಆಹಾರ ತಯಾರಿಸಲು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕು, ಅದು ಒಳಗೆ ಬರಲು ರಂಧ್ರ ತೆರೆಯಬೇಕು. ತೆರೆದಾಗಲೆಲ್ಲ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಗಾಳಿಯೂ ಬೇಕು, ನೀರೂ ಉಳಿಯಬೇಕು. ಕೆಲವು ಗಿಡಗಳು ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಒಂದೆಡೆ ಒತ್ತಾಗಿ ಕೂಡಿಟ್ಟು ಬಳಸುತ್ತವೆ. ಅವಕ್ಕೆ ರಂಧ್ರ ಜಾಸ್ತಿ ತೆರೆಯಬೇಕಿಲ್ಲ. ವಿಜ್ಞಾನಿಗಳು ಇವನ್ನು ಸಿ4 ಗಿಡಗಳು ಎನ್ನುತ್ತಾರೆ. ಕಬ್ಬು, ಜೋಳ, ರಾಗಿ ಈ ಗುಂಪಿನವು. ಭತ್ತ ಅಲ್ಲ. ಲಾವಂಚ ಮತ್ತು ಗರಿಕೆ ಎರಡೂ ಸಿ4 ಹುಲ್ಲುಗಳೇ.

ಮೂರನೆಯದು ಬೇರು. ಲಾವಂಚವನ್ನು ಬೇರೆಲ್ಲ ಹುಲ್ಲಿಗಿಂತ ಮೇಲೆ ನಿಲ್ಲಿಸುವುದು ಇದೇ.

ಲಾವಂಚ ಎಂಬ ಹುಲ್ಲು

ಲಾವಂಚ ಹುಟ್ಟಿದ್ದು ನಮ್ಮ ದೇಶದಲ್ಲೇ. ಕಬ್ಬು, ಜೋಳದ ಕುಟುಂಬಕ್ಕೆ ಸೇರಿದ್ದು. ಆಳೆತ್ತರಕ್ಕೂ ಮೀರಿ ಬೆಳೆಯಬಲ್ಲದು. ಬೇರು ಅಕ್ಕಪಕ್ಕ ಹರಡುವುದು ಕಡಿಮೆ, ನೇರ ಕೆಳಗೆ ಇಳಿಯುತ್ತದೆ. ಮಣ್ಣು ಒಳ್ಳೆಯದಿದ್ದರೆ ಒಂದೇ ವರ್ಷದಲ್ಲಿ 2ರಿಂದ 3 ಮೀಟರ್ ಹೋಗುತ್ತದೆ. ಮೇಲಿನ ಮಣ್ಣು ಒಣಗಿದ ಮೇಲೂ ಆಳದ ತೇವ ಅದಕ್ಕೆ ಸಿಗುತ್ತಿರುತ್ತದೆ. ನಮ್ಮ ಹುಳಿ ಮಣ್ಣು ಅದಕ್ಕೆ ತೊಂದರೆಯೇ ಅಲ್ಲ. ವಾರಗಟ್ಟಲೆ ಬುಡದಲ್ಲಿ ನೀರು ನಿಂತರೂ ಕೊಳೆಯುವುದಿಲ್ಲ. ನಮ್ಮ ಜಿಲ್ಲೆಗೆ ಇದು ಬಹಳ ಮುಖ್ಯ. ಬರ ತಡೆಯುವ ಗಿಡಗಳಲ್ಲಿ ಬಹಳಷ್ಟು ನಮ್ಮ ಜುಲೈ ತಿಂಗಳನ್ನು ದಾಟುವುದೇ ಇಲ್ಲ. ಬೇಸಿಗೆ ತಡೆಯುವ ಮೊದಲು ಅವು ಮಳೆಗೆ ಕೊಳೆತು ಹೋಗುತ್ತವೆ.

ಇದನ್ನು ಮಣ್ಣು ಹಿಡಿಯಲು ಬಳಸುವುದು ಹೊಸ ಸಂಗತಿಯೂ ಅಲ್ಲ. ಗುಂಡ್ಲುಪೇಟೆ ಕಡೆಯ ರೈತರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೊಲದ ಅಂಚಿಗೆ ಲಾವಂಚದ ಸಾಲು ಇಟ್ಟುಕೊಂಡು ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರು ಮಣ್ಣಿನ ಸವಕಳಿ ತಡೆಯಲು ಇದನ್ನು ದೇಶದೇಶಗಳಿಗೆ ಪರಿಚಯಿಸಿದರು. ಥಾಯ್ಲೆಂಡ್‌ನಲ್ಲಿ, ವಿಯೆಟ್ನಾಂನ ಹೆದ್ದಾರಿ ಬದಿಯ ಇಳಿಜಾರುಗಳಲ್ಲಿ ಈಗ ನಮ್ಮ ಲಾವಂಚವೇ ನಿಂತಿದೆ.

ಹಬ್ಬಿ ತೋಟವೆಲ್ಲ ತುಂಬಿದರೆ ಏನು ಮಾಡುವುದು ಎಂಬ ಭಯ ಬೇಡ. ಲಾವಂಚಕ್ಕೆ ನೆಲದ ಮೇಲೆ ಹರಿದಾಡುವ ಬಳ್ಳಿಯಿಲ್ಲ, ನೆಲದೊಳಗೆ ಓಡುವ ಗೆಡ್ಡೆಯಿಲ್ಲ. ದಕ್ಷಿಣ ಭಾರತದ ಸಾಗುವಳಿ ತಳಿಗಳಲ್ಲಿ ಹೂ ಬಂದರೂ ಮೊಳೆಯುವ ಬೀಜ ಆಗುವುದು ತೀರಾ ಅಪರೂಪ. ನೆಟ್ಟಲ್ಲೇ ಇರುತ್ತದೆ. ಉತ್ತರ ಭಾರತದ ಕಾಡು ತಳಿಗಳು ಬೀಜ ಉದುರಿಸಿ ಹರಡುತ್ತವೆ, ಅವು ಬೇಡ. ಹತ್ತಿರದ ಊರಿನಲ್ಲಿ ವರ್ಷಗಳಿಂದ ಇದ್ದು, ಅಕ್ಕಪಕ್ಕ ಮರಿ ಹುಟ್ಟಿಸದ ಬುಡದಿಂದ ಸಸಿ ತರುವುದು ಎಲ್ಲಕ್ಕಿಂತ ಸುಲಭ. ಅನುಮಾನ ಇದ್ದರೆ ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ.

ತರುವಾಗ ಒಂದು ಪರೀಕ್ಷೆ ಮಾಡಿ. ಲಾವಂಚವೂ ಮಜ್ಜಿಗೆ ಹುಲ್ಲೂ ದೂರದಿಂದ ಒಂದೇ ಥರ ಕಾಣುತ್ತವೆ. ಎಲೆ ಹಿಸುಕಿ ಮೂಸಿ. ಮಜ್ಜಿಗೆ ಹುಲ್ಲಾದರೆ ನಿಂಬೆಯ ಘಮ ಮೂಗಿಗೆ ಬಡಿಯುತ್ತದೆ. ಲಾವಂಚದ ಎಲೆಗೆ ಅಂಥ ಪರಿಮಳ ಏನೂ ಇಲ್ಲ. ಅದರ ಪರಿಮಳವೆಲ್ಲ ಬೇರಿನಲ್ಲಿ. ಬುಡವನ್ನೂ ನೋಡಿ. ಮಜ್ಜಿಗೆ ಹುಲ್ಲಿನ ಬುಡ ದುಂಡಗೆ ಉಬ್ಬಿರುತ್ತದೆ. ಲಾವಂಚದಲ್ಲಿ ಎಲೆಗಳ ಬುಡ ಒಂದರೊಳಗೊಂದು ಕೂತು, ಎರಡು ಬೆರಳಲ್ಲಿ ಹಿಡಿದರೆ ಚಪ್ಪಟೆ ಎನ್ನುವುದು ಗೊತ್ತಾಗುತ್ತದೆ. ಎಲೆಯ ಅಂಚು ಗರಗಸ. ಬರಿಗೈಯಲ್ಲಿ ಕೆಳಮುಖವಾಗಿ ಎಳೆದರೆ ಕೊಯ್ಯುತ್ತದೆ, ಜೋಪಾನ.

ಧರೆಯ ಮೇಲೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಧರೆ ಕೆಡುವುದು ಎರಡು ರೀತಿ. ಒಂದು, ಮೇಲಿನಿಂದ ಹರಿಯುವ ನೀರು ಮಣ್ಣನ್ನು ಕೊರೆಯುತ್ತಾ ಹೋಗುವುದು. ಇನ್ನೊಂದು, ನೀರು ಕುಡಿದು ಭಾರವಾದ ಮಣ್ಣು ಒಟ್ಟಿಗೇ ಜಾರುವುದು.

ಮೊದಲನೆಯದಕ್ಕೆ ಲಾವಂಚ ಬಹಳ ಒಳ್ಳೆಯ ಉತ್ತರ. ಒತ್ತಾಗಿ ನೆಟ್ಟ ಸಾಲು ನೀರನ್ನು ಕಟ್ಟಿ ನಿಲ್ಲಿಸುವುದಿಲ್ಲ. ಚಹಾ ಸೋಸುವಾಗ ಪುಡಿ ಮೇಲೆ ನಿಂತು ಚಹಾ ಇಳಿಯುವ ಹಾಗೆ, ಮಣ್ಣನ್ನು ಹಿಂದೆ ಉಳಿಸಿಕೊಂಡು ನೀರನ್ನು ನಿಧಾನಕ್ಕೆ ಮುಂದೆ ಬಿಡುತ್ತದೆ. ವರ್ಷ ವರ್ಷ ಹೀಗೆ ನಿಂತ ಮಣ್ಣು ಸಾಲಿನ ಹಿಂದೆ ತಾನಾಗಿಯೇ ಮೆಟ್ಟಿಲು ಕಟ್ಟುತ್ತದೆ. ಮಣ್ಣು ಏರಿದಂತೆ ಹುಲ್ಲೂ ಮೇಲೆ ಹೊಸ ಬೇರು ಬಿಟ್ಟು ಏರುತ್ತದೆ.

ಎರಡನೆಯದರಲ್ಲಿ ಸ್ವಲ್ಪ ಎಚ್ಚರ ಬೇಕು. ಲಾವಂಚದ ಬೇರಿಗೆ ಎಳೆತ ತಡೆಯುವ ಶಕ್ತಿ ಜಾಸ್ತಿ. ಸಾಮಾನ್ಯ ಉಕ್ಕಿನ ಆರನೇ ಒಂದು ಭಾಗದಷ್ಟು ಇದೆ ಎಂದು ಅಳೆದು ಹೇಳಿದ್ದಾರೆ. ಹುಲ್ಲಿನ ಬೇರಿಗೆ ಇದು ದೊಡ್ಡ ಸಂಗತಿ. ಆದರೆ ಬೇರು ಹಿಡಿಯುವುದು ಬೇರು ಹೋದಷ್ಟು ಆಳವನ್ನು ಮಾತ್ರ. ಒಂದೆರಡು ಮೀಟರ್ ದಪ್ಪದ ಮೇಲ್ಪದರ ಜಾರುವುದನ್ನು ಅದು ತಡೆಯಬಹುದು. ಅದಕ್ಕಿಂತ ಆಳದಲ್ಲಿ ಗುಡ್ಡವೇ ಸರಿಯುತ್ತಿದ್ದರೆ ಮೇಲಿನ ಹುಲ್ಲು ಗುಡ್ಡದ ಜೊತೆಗೇ ಸರಿಯುತ್ತದೆ. ಶಿರೂರಿನಂಥ ಕುಸಿತವನ್ನು ಯಾವ ಹುಲ್ಲೂ ತಡೆಯುವುದಿಲ್ಲ.

ಇಲ್ಲಿ ಶೇಡಿ ಮಣ್ಣಿನ ವಿಷಯ ಹೇಳಲೇಬೇಕು. ನಮ್ಮ ಚಿರೇಕಲ್ಲಿನ ಪದರದ ಕೆಳಗೆ ಹಲವು ಕಡೆ ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ಮೆತ್ತನೆಯ ಮಣ್ಣು ಇರುತ್ತದೆ. ಒಣಗಿದ್ದಾಗ ಜೆಸಿಬಿ ಕಡಿದ ಹಾಗೆ ನೇರವಾಗಿ ನಿಲ್ಲುತ್ತದೆ, ನೋಡಿದವರಿಗೆ ಗಟ್ಟಿ ಎನಿಸುತ್ತದೆ. ನೀರು ತುಂಬಿದರೆ ಅದರ ಬಲವೆಲ್ಲ ಹೋಗಿ ಕೆಸರಾಗುತ್ತದೆ. ನಿಮ್ಮ ಧರೆಯ ಕೆಳಭಾಗದಲ್ಲಿ ಇಂಥ ಮಣ್ಣು ಕಂಡರೆ, ಧರೆಯ ನೆತ್ತಿಯಲ್ಲಿ ಬಿರುಕು ಬಿಟ್ಟಿದ್ದರೆ, ಮರಗಳು ಹೊಸದಾಗಿ ವಾಲಿದ್ದರೆ, ಬುಡದಿಂದ ಕೆಸರು ನೀರು ಒಸರುತ್ತಿದ್ದರೆ ಅದು ಹುಲ್ಲು ನೆಡುವ ಹೊತ್ತಲ್ಲ. ಮನೆಯವರು ಅಲ್ಲಿಂದ ಏಳಬೇಕು, ತಿಳಿದವರನ್ನು ಕರೆಸಬೇಕು.

ನೇರವಾಗಿ ಕಡಿದ ಧರೆಗೂ ಲಾವಂಚ ಪ್ರಯೋಜನವಿಲ್ಲ. ಮೊದಲು ಅದನ್ನು ಹಿಂದಕ್ಕೆ ಇಳಿಜಾರು ಮಾಡಿಸಬೇಕು. 1 ಮೀಟರ್ ಎತ್ತರಕ್ಕೆ ಕನಿಷ್ಠ 1 ಮೀಟರ್ ಹಿಂದೆ ಸರಿದರೆ ಹುಲ್ಲು ನೆಲೆಯೂರುತ್ತದೆ, ಒಂದೂವರೆ ಸರಿದರೆ ಇನ್ನೂ ಒಳ್ಳೆಯದು. ನೆತ್ತಿಯ ಮೇಲೆ ಗಟಾರ ತೆಗೆದು ಮಳೆ ನೀರನ್ನು ಪಕ್ಕಕ್ಕೆ ತಿರುಗಿಸಿ. ಇಂಗುಗುಂಡಿ ಒಳ್ಳೆಯದು, ಆದರೆ ಧರೆಯ ನೆತ್ತಿಯಲ್ಲಿ ಖಂಡಿತ ಬೇಡ. ಶೌಚಾಲಯದ ಗುಂಡಿಯೂ ಅಲ್ಲಿ ಬೇಡ. ಜಾರುವ ಮಣ್ಣಿಗೆ ನಾವೇ ನೀರು ಕುಡಿಸಿದ ಹಾಗಾಗುತ್ತದೆ.

ನೆಡುವುದು

ಹುಲ್ಲಿನ ಬುಡದಿಂದ ಒಡೆದು ಬರುವ ಒಂದೊಂದು ಕವಲೂ ಒಂದು ತೆಂಡೆ, ಭತ್ತದಲ್ಲಿ ಹೇಳುವ ಹಾಗೆಯೇ. ಲಾವಂಚಕ್ಕೆ ಬೀಜ ಇಲ್ಲದ್ದರಿಂದ ತೆಂಡೆಯೇ ಸಸಿ. ಹಳೆಯ ಬುಡವನ್ನು ಗುದ್ದಲಿಯಲ್ಲಿ ಎಬ್ಬಿಸಿ, ಕತ್ತಿಯಿಂದ ಸೀಳಿ, ಎರಡು ಮೂರು ತೆಂಡೆ ಒಟ್ಟಿಗಿರುವಂತೆ ಬಿಡಿಸಿಕೊಳ್ಳಿ. ಬುಡದ ಹೊರ ಅಂಚಿನ ಎಳೆಯ ತೆಂಡೆಗಳು ಬೇಗ ಹಿಡಿಯುತ್ತವೆ, ನಡುವಿನ ಮುದಿ ಕಡ್ಡಿಗಳು ಎಷ್ಟೋ ಸಲ ಹಿಡಿಯುವುದೇ ಇಲ್ಲ. ಎಲೆಯನ್ನು ಒಂದು ಗೇಣು ಬಿಟ್ಟು ಕತ್ತರಿಸಿ. ಬೇರನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಎಲೆ ಉದ್ದ ಬಿಟ್ಟರೆ ಬೇರು ಬರುವ ಮೊದಲೇ ನೀರು ಆರಿಹೋಗುತ್ತದೆ. ಕಿತ್ತ ದಿನವೇ ನೆಡಲಾಗದಿದ್ದರೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಡಿ.

ಸಮಯ ಮೃಗಶಿರ ಮಳೆ. ಜೂನ್ ಎರಡನೇ ವಾರ ನೆಲ ನೆನೆದ ಕೂಡಲೇ ನೆಟ್ಟರೆ ಆರಿದ್ರಾ, ಪುನರ್ವಸು ಮಳೆ ಜೋರಾಗುವ ಹೊತ್ತಿಗೆ ಬೇರು ಮಣ್ಣು ಹಿಡಿದಿರುತ್ತದೆ. ಜುಲೈ ಮಧ್ಯದ ಧಾರಾಕಾರ ಮಳೆಯಲ್ಲಿ ಧರೆ ಅಗೆಯಲು ಹೋಗಬೇಡಿ. ಆಗ ಸಸಿಯೂ ತೊಳೆದು ಹೋಗುತ್ತದೆ, ಧರೆಯೂ ಸಡಿಲವಾಗುತ್ತದೆ.

ಸಾಲು ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಇರಬೇಕು. ಕಣ್ಣಂದಾಜು ಸಾಕಾಗುವುದಿಲ್ಲ. ಸಾಲು ಒಂದು ಕಡೆ ಇಳಿದಿದ್ದರೆ ನೀರೆಲ್ಲ ಆ ತುದಿಗೆ ಓಡಿ ಅಲ್ಲಿ ಕೊರೆಯುತ್ತದೆ. ಮನೆ ಕಟ್ಟುವ ಗಾರೆಯವರ ಹತ್ತಿರ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು ಇರುತ್ತದಲ್ಲ, ಅದನ್ನೇ ಕೇಳಿ ತನ್ನಿ. ಎರಡು ತುದಿಯಲ್ಲೂ ನೀರು ನಿಂತ ಮಟ್ಟಕ್ಕೆ ಗೂಟ ಹೊಡೆದು ಹಗ್ಗ ಕಟ್ಟಿದರೆ ನಿಮ್ಮ ಸಾಲು ಸಿದ್ಧ. ಇಬ್ಬರಿದ್ದರೆ ಬೇಗ ಮುಗಿಯುವ ಕೆಲಸ.

ಸಾಲಿನಲ್ಲಿ ಸಸಿಯಿಂದ ಸಸಿಗೆ 10ರಿಂದ 15 ಸೆಂ.ಮೀ. ಇಷ್ಟು ಹತ್ತಿರವೇ ಎಂದು ಅನಿಸಬಹುದು. ಅರ್ಧ ಮೀಟರಿಗೊಂದರಂತೆ ಅಲ್ಲೊಂದು ಇಲ್ಲೊಂದು ನೆಟ್ಟ ಧರೆಗಳು ಬೇಕಾದಷ್ಟಿವೆ. ಅಲ್ಲಿ ನೀರು ಬುಡಗಳ ನಡುವೆ ನುಗ್ಗಿ ಮೊದಲಿಗಿಂತ ಜಾಸ್ತಿ ಕೊರೆಯುತ್ತದೆ. ಹತ್ತು ಮೀಟರ್ ಸಾಲಿಗೆ 70ರಿಂದ 100 ಸಸಿ ಬೇಕು. ಧರೆಯಲ್ಲಾದರೆ ಸಾಲಿನಿಂದ ಸಾಲಿಗೆ 1ರಿಂದ 1.5 ಮೀಟರ್ ಎತ್ತರದ ಅಂತರ. ಇಷ್ಟು ಸಸಿಯನ್ನು ದುಡ್ಡು ಕೊಟ್ಟು ತರುವುದು ಕಷ್ಟ ಎನ್ನುವವರು ಈ ವರ್ಷ ಸ್ವಲ್ಪವೇ ತಂದು, ಬಿಸಿಲು ಬೀಳುವ ಪಾತಿಯಲ್ಲಿ ದೂರ ದೂರ ನೆಟ್ಟು ಗೊಬ್ಬರ ಕೊಡಿ. ಮುಂದಿನ ಮಳೆಗಾಲಕ್ಕೆ ಒಂದೊಂದು ಬುಡವೂ ಹತ್ತಾರು ತೆಂಡೆ ಕೊಡುತ್ತದೆ.

ಇಡೀ ಧರೆ ಅಗೆಯಬೇಡಿ. ಪಿಕಾಸಿಯಲ್ಲಿ ಗೇಣಗಲದ ಸಣ್ಣ ಕಾಲುವೆ ತೆಗೆದು, ಹಿಡಿ ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ, ಸಸಿಯ ಬುಡ ಮಣ್ಣಿನ ಮಟ್ಟಕ್ಕಿಂತ ಕೂದಲೆಳೆ ಕೆಳಗಿರುವಂತೆ ಇಟ್ಟು, ಕಾಲಿನಿಂದ ಚೆನ್ನಾಗಿ ಒತ್ತಿ. ತಿಂಗಳು ಬಿಟ್ಟು ಸಾಲಿನುದ್ದಕ್ಕೂ ನಡೆದು ನೋಡಿ. ಸತ್ತ ಜಾಗಕ್ಕೆ ತಕ್ಷಣ ಬೇರೆ ಸಸಿ ಇಡಿ. ಸಾಲಿನ ಬಲವೆಲ್ಲ ಖಾಲಿ ಜಾಗ ಇಲ್ಲದಿರುವುದರಲ್ಲಿದೆ.

ಒಂದು ಮಾತು ಮರೆಯುವ ಹಾಗಿಲ್ಲ. ಲಾವಂಚಕ್ಕೆ ನೆರಳು ಆಗುವುದಿಲ್ಲ. ಅಡಿಕೆ ತೋಟದೊಳಗೆ, ಹಲಸಿನ ಮರದ ಬುಡದಲ್ಲಿ ನೆಟ್ಟರೆ ವರ್ಷ ವರ್ಷ ಸೊರಗಿ ಕೊನೆಗೆ ಇಲ್ಲವಾಗುತ್ತದೆ. ಅರ್ಧ ದಿನವಾದರೂ ನೇರ ಬಿಸಿಲು ಬೇಕು.

ಮೊದಲ ಬೇಸಿಗೆ ಮತ್ತು ಆಮೇಲೆ

ಬರ ತಡೆಯುವ ಹುಲ್ಲಿಗೂ ಮೊದಲ ಬೇಸಿಗೆ ಕಷ್ಟವೇ. ಚಿರೇಕಲ್ಲಿನ ನೆಲದಲ್ಲಿ ಬೇರು ನಿಧಾನಕ್ಕೆ ಇಳಿಯುತ್ತದೆ. ಜನವರಿಯ ನಂತರ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ನೀರು ಕೊಡಿ. ಕೊಟ್ಟಾಗ ಬುಡ ಚೆನ್ನಾಗಿ ನೆನೆಯುವಷ್ಟು ಕೊಡಿ. ದಿನಾ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ, ಕಾರ್ಪೆಟ್ ಹುಲ್ಲಿನ ಕಥೆಯೇ ಮತ್ತೆ. ಅಂಗಳದ ಅಂಚಿನ ಸಾಲಿಗೆ ಬಚ್ಚಲ ನೀರು ಬಿಟ್ಟರೂ ಅಡ್ಡಿಯಿಲ್ಲ, ಲಾವಂಚ ಅದನ್ನು ತಡೆದುಕೊಳ್ಳುತ್ತದೆ. ಧರೆಯ ಸಾಲಿಗೆ ಮಾತ್ರ ಬೇಡ. ಬುಡಕ್ಕೆ ದರಕು (ಒಣಗಿ ಉದುರಿದ ಎಲೆ) ಮುಚ್ಚಿ. ಎರಡನೇ ಬೇಸಿಗೆಯಿಂದ ನೀರಿನ ಚಿಂತೆ ಬಿಡಬಹುದು.

ಮಳೆಗಾಲದ ನಡುವೆ ಒಮ್ಮೆ, ಮಳೆ ಮುಗಿದ ಮೇಲೆ ನವೆಂಬರ್ ಸುಮಾರಿಗೆ ಇನ್ನೊಮ್ಮೆ ಮೊಣಕಾಲೆತ್ತರಕ್ಕೆ ಕತ್ತರಿಸಿ. ಕತ್ತರಿಸಿದಷ್ಟೂ ತೆಂಡೆ ಒಡೆದು ಸಾಲು ದಟ್ಟವಾಗುತ್ತದೆ. ನವೆಂಬರಿನ ಕಟಾವು ತಪ್ಪಿಸಬಾರದು. ಒಣ ಎಲೆ ಎತ್ತರಕ್ಕೆ ನಿಂತಿದ್ದರೆ ಬೇಸಿಗೆಯಲ್ಲಿ ಒಂದು ಕಿಡಿ ಸಾಕು. ಕತ್ತರಿಸಿದ ಎಲೆಯನ್ನೇ ತೆಂಗಿನ ಬುಡಕ್ಕೆ ಹಾಸಬಹುದು. ಎಳೆ ಚಿಗುರನ್ನು ದನ ಮೇಯುತ್ತದೆ, ಆದ್ದರಿಂದ ಮೊದಲ ವರ್ಷ ಬೇಲಿ ಬೇಕು. ಸಾಲು ಪೂರ್ತಿ ಮುಚ್ಚಿಕೊಳ್ಳಲು ಎರಡು ಮೂರು ಮಳೆಗಾಲ ಹಿಡಿಯುತ್ತದೆ.

ನಡೆದಾಡುವ ಜಾಗಕ್ಕೆ ಗರಿಕೆ

ಲಾವಂಚ ಅಂಚಿನ ಹುಲ್ಲು. ಮಕ್ಕಳು ಓಡಾಡುವ, ಬಟ್ಟೆ ಒಣಗಿಸುವ ಅಂಗಳಕ್ಕೆ ಅದು ಆಗದು. ಅಲ್ಲಿಗೆ ನಮ್ಮ ಗರಿಕೆಯೇ ಸಾಕು. ಚೌತಿಗೆ ಕೊಯ್ಯುವ ಅದೇ ಗರಿಕೆ. ಗಂಟು ಗಂಟಿನಲ್ಲಿ ಬೇರು ಬಿಡುತ್ತಾ ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಎರಡು ಮೂರು ಗಂಟುಗಳಿರುವ ತುಂಡುಗಳನ್ನು ಜೂನ್‌ನಲ್ಲಿ ಗೇಣಿಗೊಂದರಂತೆ ನೆಟ್ಟರೆ ದೀಪಾವಳಿಯ ಹೊತ್ತಿಗೆ ನೆಲ ಮುಚ್ಚುತ್ತದೆ. ಫೆಬ್ರವರಿಗೆ ಕಂದಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಸತ್ತಿತೆಂದು ಕೆತ್ತಿಸಿಬಿಡಬೇಡಿ. ಮೇ ಕೊನೆಯ ಅಡ್ಡಮಳೆಗೆ ಒಂದೇ ವಾರದಲ್ಲಿ ಹಸಿರು ತಿರುಗುತ್ತದೆ. ಇದಕ್ಕೂ ಬಿಸಿಲು ಬೇಕು. ಮತ್ತೆ ಲಾವಂಚದ ಹಾಗೆ ಇದು ನೆಟ್ಟಲ್ಲೇ ಇರುವುದಿಲ್ಲ. ತರಕಾರಿ ಪಾತಿಗೆ ನುಗ್ಗಿದರೆ ತೆಗೆಯುವುದು ಬಲು ಕಷ್ಟ. ನಡುವೆ ಒಂದು ಸಾಲು ಚಿರೇಕಲ್ಲು ಹುಗಿದಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ಕಡಲ ಬದಿಯ ಮನೆಯವರಿಗೆ ಎರಡು ಮಾತು. ಬೇಸಿಗೆಯಲ್ಲಿ ಬಾವಿ ನೀರು ಸ್ವಲ್ಪ ಉಪ್ಪಾಗುವ ಕಡೆಯೂ ಬೇರೂರಿದ ಲಾವಂಚ, ಗರಿಕೆ ಬದುಕುತ್ತವೆ. ಮರಳಿನಲ್ಲಿ ಗೊಬ್ಬರ ನಿಲ್ಲುವುದಿಲ್ಲ, ಹಾಗಾಗಿ ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪ ಕೊಡಿ. ಪಾಗಾರದ (ಕಾಂಪೌಂಡ್ ಗೋಡೆಯ) ಆಚೆ ಮರಳು ದಿಬ್ಬದ ಮೇಲೆ ತಾನಾಗಿ ಬೆಳೆದ ಮುಳ್ಳು ಮುಳ್ಳಾದ ಹುಲ್ಲು, ಹಬ್ಬಿದ ಬಳ್ಳಿ ಇದ್ದರೆ ಸ್ವಚ್ಛ ಮಾಡುವ ನೆಪದಲ್ಲಿ ಕೀಳಿಸಬೇಡಿ. ಮರಳನ್ನು ಅಲ್ಲಿ ಹಿಡಿದಿಟ್ಟಿರುವುದು ಅವೇ.

ಬೇರು ಕೀಳಬಹುದಾ?

ಲಾವಂಚ ಅಂದ ಕೂಡಲೇ ಮಡಕೆ ನೀರಿಗೆ ಹಾಕುವ ಪರಿಮಳದ ಬೇರೇ ನೆನಪಾಗುವುದು ಸಹಜ. ಆದರೆ ಧರೆಯ ಸಾಲಿನಿಂದ ಬೇರು ಕೀಳಲೇಬಾರದು. ಬೇರು ತೆಗೆಯಬೇಕೆಂದರೆ ಇಡೀ ಬುಡ ಅಗೆಯಬೇಕು. ಅಗೆದ ಜಾಗ ಸಡಿಲವಾಗಿ ಅಲ್ಲಿಂದಲೇ ಕೊರೆತ ಶುರುವಾಗುತ್ತದೆ. ಮನೆ ಬಳಕೆಗೆ ಬೇರೆಯೇ ನಾಲ್ಕೈದು ಬುಡ ಇಟ್ಟುಕೊಳ್ಳಿ. ದೊಡ್ಡ ಚೀಲದಲ್ಲಿ ಅರ್ಧ ಮರಳು, ಅರ್ಧ ಮಣ್ಣು ಗೊಬ್ಬರ ತುಂಬಿ ಬಿಸಿಲಲ್ಲಿ ನೆಟ್ಟರೆ ಒಂದೂವರೆ ವರ್ಷಕ್ಕೆ ಬೇರು ಬಲಿಯುತ್ತದೆ. ಚೀಲದ ಮಣ್ಣು ಬೇಗ ಒಣಗುವುದರಿಂದ ಇದಕ್ಕೆ ಮಾತ್ರ ಬೇಸಿಗೆಯಲ್ಲಿ ಆಗಾಗ ನೀರು ಬೇಕು. ಮಳೆ ಕಳೆದು ಬಿಸಿಲು ಗಟ್ಟಿಯಾದ ಮೇಲೆ, ಡಿಸೆಂಬರ್ ಜನವರಿಯಲ್ಲಿ ಚೀಲ ಸೀಳಿ, ಬೇರು ತೊಳೆದು, ನೆರಳಲ್ಲಿ ಒಣಗಿಸಿ. ಮೇಲಿನ ತೆಂಡೆಗಳನ್ನು ಎಸೆಯದೆ ಹೊಸ ಚೀಲಕ್ಕೆ ನೆಡಿ. ಉಳಿದವನ್ನು ಬಚ್ಚಲ ನೀರು ಹೋಗುವ ಕಡೆ ಇಟ್ಟು ಬದುಕಿಸಿಕೊಂಡರೆ ಜೂನ್‌ನಲ್ಲಿ ಧರೆಯ ಸಾಲಿನ ಖಾಲಿ ಜಾಗಕ್ಕೆ ಅವೇ ಆಗುತ್ತವೆ.